ಕೆಂಪು ಊರಿನ ಒಬ್ಬನೇ ನೀಲಿ

"ನಿಮ್ಮ ಕೆಂಪು ತಂಡದಲ್ಲಿ ಎಸೆಗಾರ ಅಂತ ಒಬ್ಬನಾದ್ರೂ ಇದ್ರೆ ತೋರಿಸ್ರಪ್ಪಾ, ನೋಡಿ ಕಣ್ಣು ತುಂಬ್ಕೊಳ್ತೀನಿ. ಆ ಉದ್ದ ಕೈಯವನನ್ನ ಎಸೆಗಾರ ಅಂತೀರಾ? ಅವನು ಚೆಂಡು ಎಸೆಯಲ್ಲ, ಅಂಚೆಗೆ ಹಾಕ್ತಾನೆ. ಅದು ನಿಧಾನಕ್ಕೆ ಹೊರಟು, ಊರೆಲ್ಲ ಸುತ್ತಿ, ದಾಂಡಿಗನ ಮುಂದೆ ನಿಂತು 'ಹೊಡೀತೀರಾ ಸ್ವಾಮಿ?' ಅಂತ ಕೇಳುತ್ತೆ. ಅವನು ಕಾಫಿ ಕುಡಿದು, ಮೀಸೆ ಒರೆಸ್ಕೊಂಡು, ಆಮೇಲೆ ಹೊಡೀತಾನೆ. ನಮ್ಮ ನೀಲಿಯವ್ರು ಈ ವರ್ಷ ಸೋತಿಲ್ಲ ಅಂತ ನಾನು ಹೇಳಲ್ಲ. ಸೋತಿದಾರೆ. ಒಳ್ಳೊಳ್ಳೆ ಎಸೆಗಾರರೆಲ್ಲ ಸಮುದ್ರ ದಾಟಿ ಹೋದ್ರೆ ಯಾರು ಸೋಲಲ್ಲ? ಆದ್ರೆ ಸೋಲೋದಾದ್ರೂ ಹೇಗೆ! ನೆಟ್ಟಗೆ ನಿಂತು ಸೋಲ್ತಾರೆ. ನಿಮ್ಮವ್ರು ಗೆದ್ದಾಗ್ಲೂ ಸೊಂಟ ಹಿಡ್ಕೊಂಡು ನರಳ್ತಿರ್ತಾರೆ. ಬರೋ ವರ್ಷ ನಮಗೆ ಆ ಎಡಗೈ ಹುಡುಗ ಬರ್ತಾನೆ. ಇನ್ನೂ ಸರಿಯಾಗಿ ಮೀಸೆ ಬಂದಿಲ್ಲ, ಕೈಯಲ್ಲಿ ಸಿಡಿಲಿದೆ. ಅವನು ಬಂದ ದಿನ ನೀವೆಲ್ಲ ಮುಖಕ್ಕೆ ಟವಲ್ ಸುತ್ಕೊಂಡು ಓಡಾಡ್ತೀರಿ. ಏನಯ್ಯಾ ಲಿಮೋಂಟಾ, ನಗ್ತೀಯಾ? ನಗು, ನಗು. ನಿನ್ನ ಬಸ್ಸಿನ ಮೇಲೆ ಬಿದ್ದಿದ್ದು ಚೆಂಡಲ್ಲ ಕಣೋ, ಮಾವಿನಹಣ್ಣು!"

ದಿನವೂ ಹೀಗೆಯೇ ಶುರುಮಾಡುತ್ತಿದ್ದ ಎವೆಲಿಯೊ. ಸಾಂತಿಯಾಗೊ ಊರಿನ ಮಾರ್ತೆ ಚೌಕದಲ್ಲಿ, ಎತ್ತರದ ಕಂಬದ ಪಕ್ಕ, ಮರದ ನೆರಳು ಬೀಳುವ ಮೂಲೆಯಲ್ಲಿ ಬೆಳಗ್ಗೆ ರೇಷನ್ ಬ್ರೆಡ್ಡಿಗೆ ನಿಂತ ಸಾಲು ಕರಗಿದ ಮೇಲೆ ಗಂಡಸರು ಸೇರುತ್ತಿದ್ದರು. ಅಷ್ಟು ಜನರಲ್ಲಿ ನೀಲಿಯವನು ಅವನೊಬ್ಬನೇ, ಉಳಿದವರೆಲ್ಲ ಕೆಂಪು. ಕೆಂಪು ಅಂದರೆ ಈ ಊರಿನ ಬೇಸ್‌ಬಾಲ್ ತಂಡ. ನೀಲಿ ರಾಜಧಾನಿ ಹವಾನಾದ್ದು. ಇವೆರಡರ ನಡುವಿನ ಜಿದ್ದು ಅಜ್ಜಂದಿರ ಕಾಲದಿಂದ ಬಂದದ್ದು.

ಎವೆಲಿಯೊ ಹುಟ್ಟಿದ್ದು ಹವಾನಾದಲ್ಲಿ. ಪ್ರಾಯದಲ್ಲಿ ಸಕ್ಕರೆ ಕಾರ್ಖಾನೆಯ ಮೋಟಾರು ರಿಪೇರಿಗೆಂದು ಒಂದು ತಿಂಗಳ ಮಟ್ಟಿಗೆ ಬಂದವನು, ಓರ್ಟೆನ್ಸಿಯಾ ಎಂಬ ಹುಡುಗಿ ಸೋಸಿಕೊಟ್ಟ ಕಾಫಿ ಕುಡಿದು ಇಲ್ಲೇ ನಿಂತುಬಿಟ್ಟ. ಊರಿನ ಏರುದಾರಿಗೆ ಮೊಣಕಾಲು ಒಗ್ಗಿತು, ಸೆಖೆಗೆ ಮೈ ಒಗ್ಗಿತು, ಮಾತಿನ ರಾಗವೂ ಬದಲಾಯಿತು. ತಂಡ ಮಾತ್ರ ಬದಲಾಗಲಿಲ್ಲ. ಅಪ್ಪ ಕೈಹಿಡಿದು ಮೊದಲ ಸಲ ಆಟಕ್ಕೆ ಕರೆದುಕೊಂಡು ಹೋದ ದಿನ ಹತ್ತಿದ ಬಣ್ಣ ಅದು, ಯಾವ ಸೋಪಿಗೂ ಬಿಡುವುದಿಲ್ಲ. ಮೂಲೆಯಲ್ಲಿ ಅವನ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು 'ಹವಾನಾ'.

ಆ ಮೂಲೆಗೆ ಕೆಲವು ಕಟ್ಟಲೆಗಳಿದ್ದವು. ವಾದ ಮಾಡುವವನು ನಿಂತೇ ಮಾಡಬೇಕು. ಕಲ್ಲುಬೆಂಚಿನ ಮೇಲೆ ಕೂತನೋ, ಸೋತ ಅಂತಲೇ ಲೆಕ್ಕ. ಬೆರಳನ್ನು ಎದುರಿನವನ ಮೂಗಿನ ತನಕ ಒಯ್ಯಬಹುದು, ಮುಟ್ಟಬಾರದು. ಯಾರ ಅಮ್ಮನನ್ನೂ ಮಾತಿಗೆ ಎಳೆಯಬಾರದು. ಅಷ್ಟು ಬಿಟ್ಟರೆ ಎಲ್ಲಕ್ಕೂ ಅಪ್ಪಣೆ. ದಾರಿಯಲ್ಲಿ ಹೋಗುವ ಹೊಸಬರು ಕೊಲೆ ನಡೆಯುತ್ತಿದೆ ಅಂದುಕೊಂಡು ಹೆಜ್ಜೆ ಬೇಗ ಹಾಕುತ್ತಿದ್ದರು.

ಅವನಿಗೆ ಸರಿಯಾದ ಎದುರಾಳಿ ಅಂದರೆ ಲಿಮೋಂಟಾ. ಬಸ್ಸು ಓಡಿಸಿ ನಿವೃತ್ತನಾದವನು, ಬಾಯಲ್ಲಿ ಯಾವಾಗಲೂ ಹೊತ್ತಿಸದ ಒಂದು ಚುಟ್ಟಾ. ಎಷ್ಟೋ ವರ್ಷಗಳ ಹಿಂದೆ ಕೊನೆಯ ಆಟದ ಕೊನೆಯ ಇನ್ನಿಂಗ್ಸಿನಲ್ಲಿ ಕೆಂಪು ತಂಡದ ದಾಂಡಿಗನೊಬ್ಬ ಹೊಡೆದ ಚೆಂಡು ಮೈದಾನದ ಬೇಲಿ ದಾಟಿ, ಗೋಡೆ ದಾಟಿ, ರಸ್ತೆಗೆ ಬಿದ್ದು ಆ ವರ್ಷದ ಟ್ರೋಫಿ ಊರಿಗೆ ಬಂದಿತ್ತು. ಆ ಚೆಂಡು ಬಿದ್ದಿದ್ದು ತನ್ನ ಬಸ್ಸಿನ ತಲೆಯ ಮೇಲೆ ಎಂಬುದು ಲಿಮೋಂಟಾನ ಬಾಳಿನ ದೊಡ್ಡ ಸಂಗತಿ. ಬಸ್ಸು ಗುಜರಿಗೆ ಹೋಗುವವರೆಗೂ ತಗಡಿನಲ್ಲಿ ಬಟ್ಟಲಿನಷ್ಟು ತಗ್ಗು ಇತ್ತು. ಮಕ್ಕಳನ್ನು ಹೆಗಲ ಮೇಲೆ ಹತ್ತಿಸಿ ತೋರಿಸುತ್ತಿದ್ದ. ಎವೆಲಿಯೊನದು ಮಾತ್ರ ಅಂದಿನಿಂದ ಒಂದೇ ಮಾತು: ಅದು ಚೆಂಡಲ್ಲ, ಮಾವಿನಹಣ್ಣು. ಈ ಮಾತು ಕೇಳಿದಾಗಲೆಲ್ಲ ಲಿಮೋಂಟಾನ ಕತ್ತಿನ ನರ ಹಗ್ಗದಂತೆ ಉಬ್ಬುತ್ತಿತ್ತು. ಅದನ್ನು ಉಬ್ಬಿಸದೆ ಎವೆಲಿಯೊ ಮನೆಗೆ ಹೋದವನಲ್ಲ.

ಓರ್ಟೆನ್ಸಿಯಾ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಮಾತು ಕೊಡುವವರು ಇಲ್ಲದಾದರು. ಅವಳಿದ್ದಾಗ ಬೀನ್ಸಿಗೆ ಉಪ್ಪು ಜಾಸ್ತಿ ಅಂದರೆ "ಹವಾನಾದ ನಾಲಿಗೆಗೆ ಉಪ್ಪು ಏನು ಗೊತ್ತು?" ಅನ್ನುತ್ತಿದ್ದಳು. ಈಗ ತಾನೇ ಬೇಯಿಸುತ್ತಾನೆ, ತಾನೇ ಉಣ್ಣುತ್ತಾನೆ. ಉಪ್ಪು ಜಾಸ್ತಿಯಾದರೆ ಜಾಸ್ತಿಯಾದದ್ದನ್ನೇ ಉಣ್ಣುತ್ತಾನೆ. ಹಿತ್ತಿಲ ಗೋಡೆಯ ಆಚೆ ಓರ್ಟೆನ್ಸಿಯಾಳ ತಂಗಿ ನಿಯೆವೆಸ್ ಇದ್ದಳು, ಮದುವೆಯಾಗದೆ ಉಳಿದವಳು. ಬೆಳಗ್ಗೆ ಗೋಡೆಯ ಮೇಲಿಂದ ಒಂದು ಪುಟ್ಟ ಲೋಟ ಕಾಫಿ ಇಳಿಸುತ್ತಿದ್ದಳು. "ತಗೊಳ್ಳಿ ಭಾವ." "ಕೊಡು." ಅಲ್ಲಿಗೆ ಮಾತು ಮುಗಿಯುತ್ತಿತ್ತು. ಉಳಿದ ಮಾತೆಲ್ಲ ಅವನಿಗೆ ಸಿಗುತ್ತಿದ್ದದ್ದು ಚೌಕದ ಆ ಮೂಲೆಯಲ್ಲಿ. ಅಲ್ಲಿ ಅಷ್ಟೂ ಗಂಟಲುಗಳು ಒಟ್ಟಿಗೆ ಅವನ ಮೇಲೆ ಬೀಳುತ್ತಿದ್ದವು. ಮಧ್ಯಾಹ್ನ ಏರು ಹತ್ತಿ ಮನೆಗೆ ಬಂದ ಮೇಲೂ ಕಿವಿಯಲ್ಲಿ ಆ ಗದ್ದಲ ಗುಂಯ್ ಅನ್ನುತ್ತಿತ್ತು. ಅದನ್ನೇ ಕೇಳಿಕೊಂಡು ಒಬ್ಬನೇ ಊಟ ಮಾಡುತ್ತಿದ್ದ.

ಈ ಸಲ ಪಂದ್ಯಗಳು ಇನ್ನೂ ನಡೆಯುತ್ತಿದ್ದಾಗ, ಒಂದು ಬೆಳಗ್ಗೆ ಬ್ರೆಡ್ಡಿನ ಸಾಲಿನಲ್ಲಿ ನಿಂತಿದ್ದವನು ಹಾಗೇ ಕುಸಿದ. ಆಸ್ಪತ್ರೆಯಲ್ಲಿ ಬಿ.ಪಿ. ಅಂದರು. ಮಾತ್ರೆ ಕೊಟ್ಟರು, ಉಪ್ಪು ಬಿಡಿಸಿದರು, ಕೆಲವು ದಿನ ಮಲಗಿಸಿಕೊಂಡು ಕಳಿಸಿದರು. ಮನೆಗೆ ಬಂದ ಮಾರನೆಯ ದಿನವೇ ಅಂಗಿ ಇಸ್ತ್ರಿ ಮಾಡಿ, ನೀಲಿ ಟೋಪಿ ಹಾಕಿಕೊಂಡು ಚೌಕಕ್ಕೆ ಇಳಿದ.

"ಬಾ ಹವಾನಾ, ಬಾ," ಅಂದ ಲಿಮೋಂಟಾ. ತನ್ನ ಟೋಪಿ ತೆಗೆದು ಬೆಂಚಿನ ಧೂಳು ಹೊಡೆದ. "ಕೂತ್ಕೊ."

"ಯಾಕೆ ಕೂತ್ಕೊಳ್ಲಿ? ನಾನೇನು ಸೋತೆನಾ?"

"ಸೋಲೋದೇನು ಬಂತು? ಬಿಸಿಲಿದೆ ಅಂತ ಅಂದೆ."

ಎವೆಲಿಯೊ ಕೂರಲಿಲ್ಲ. ಗಂಟಲು ಸರಿಮಾಡಿಕೊಂಡು, "ನಾನಿಲ್ದಾಗ ನಿಮ್ಮವ್ರು ಚೆನ್ನಾಗಿ ಒದೆ ತಿಂದ್ರಂತೆ?" ಅಂದ.

"ತಿಂದ್ರು ಕಣಪ್ಪಾ," ಅಂದ ಕಡಲೆಕಾಯಿ ಮಾರುವ ದಪ್ಪ ಎಲಾದಿಯೊ. "ಕೆಟ್ಟದಾಗಿ ಆಡಿದ್ರು."

"ಬರೋ ವರ್ಷ ನಮ್ಮ ಎಡಗೈ ಹುಡುಗ ಬರ್ತಾನೆ..."

"ಬಂದ್ರೆ ನಮಗೆ ಕಷ್ಟಾನೇ," ಅಂದ ಇನ್ನೊಬ್ಬ. ಎಲ್ಲರೂ ತಲೆ ಆಡಿಸಿದರು.

ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟು, ಮೆಟ್ಟಿಲೇ ಇಲ್ಲದೆ ಮುಗ್ಗರಿಸಿದಂತಾಯಿತು ಎವೆಲಿಯೊಗೆ. ಹುಷಾರಿಲ್ಲದೆ ಬಂದವನು ಅಂತ ಒಂದು ದಿನದ ಮರ್ಯಾದೆ ಇರಬೇಕು ಅಂದುಕೊಂಡ. ಮಾರನೆಯ ದಿನವೂ ಅದೇ. ಆ ವಾರವಿಡೀ ಅದೇ. ಅವನು ಏನಂದರೂ "ಹೌದು", "ನಿಜ", "ನೀನು ಹೇಳೋದ್ರಲ್ಲಿ ಅರ್ಥ ಇದೆ ಹವಾನಾ." ಎಲಾದಿಯೊ ಬಿಟ್ಟಿಯಾಗಿ ಒಂದು ಪೊಟ್ಟಣ ಕಡಲೆಕಾಯಿ ಬೇರೆ ಕೊಟ್ಟ, ಉಪ್ಪಿಲ್ಲದ್ದು. ಮಧ್ಯಾಹ್ನ ಮನೆಗೆ ಬಂದರೆ ಕಿವಿಯಲ್ಲಿ ಏನೂ ಇರುತ್ತಿರಲಿಲ್ಲ. ತಟ್ಟೆಗೆ ಚಮಚ ತಗಲುವ ಸದ್ದೊಂದು ಬಿಟ್ಟರೆ.

ಕೊನೆಗೆ ಅವನು ಒಂದು ಪರೀಕ್ಷೆ ಇಟ್ಟ. ಲಿಮೋಂಟಾನ ಎದುರು ಹೋಗಿ ನಿಂತು, ಬೆರಳನ್ನು ಮೂಗಿನ ತನಕ ಒಯ್ದು, ನಿಧಾನವಾಗಿ ಹೇಳಿದ: "ನಿನ್ನ ಬಸ್ಸಿನ ಮೇಲೆ ಚೆಂಡು ಬಿತ್ತಲ್ಲ, ಬಿದ್ದಿದ್ದು ನಿಜಾನೇ ಕಣೋ. ಆದ್ರೆ ಅದನ್ನ ಹೊಡೆದದ್ದು ನಿಮ್ಮವನಲ್ಲ. ನಮ್ಮ ನೀಲಿಯವನು. ಆವತ್ತು ಗೆದ್ದಿದ್ದೂ ನಾವೇ."

ಲಿಮೋಂಟಾನ ಕತ್ತಿನ ನರ ಉಬ್ಬಿತು. ಚುಟ್ಟಾ ಹಲ್ಲಿನ ನಡುವೆ ಮುರಿದು ಅರ್ಧ ಕೆಳಗೆ ಬಿತ್ತು. ಕಣ್ಣು ಕೆಂಪಾಯಿತು. ಆಮೇಲೆ ಅವನು ನೆಲ ನೋಡುತ್ತ, "ಇರಬಹುದು," ಅಂದ. "ತುಂಬಾ ದಿನ ಆಯ್ತಲ್ಲ. ಇರಬಹುದು."

ಎವೆಲಿಯೊ ಅವನ ತೋಳು ಹಿಡಿದು ಕಬ್ಬಿನ ಹಾಲಿನ ಅಂಗಡಿಯ ಹಿಂದಕ್ಕೆ ಎಳೆದುಕೊಂಡು ಹೋದ.

"ಯಾರೋ ಸತ್ತಿದಾರೆ. ಯಾರು? ನಾನಾ?"

"ಹಂಗೆಲ್ಲ ಅನ್ಬೇಡ ಮಾರಾಯ."

"ಮತ್ತೆ ನನ್ನ ಹೆಣದ ಮುಂದೆ ನಿಂತೋರ ಹಾಗೆ ಮಾತಾಡ್ತೀರಲ್ಲ ಎಲ್ರೂ! ಬೊಗಳು ಲಿಮೋಂಟಾ."

ಲಿಮೋಂಟಾ ಉಳಿದ ಚುಟ್ಟಾವನ್ನು ಕೈಯಲ್ಲಿ ಹೊಸಕಿದ. "ನಿನ್ನ ನಾದಿನಿ ಬಂದಿದ್ಲು. ನೀನು ಆಸ್ಪತ್ರೇಲಿದ್ದಾಗ. ಇನ್ಮೇಲೆ ಭಾವನ ಜೊತೆ ಯಾರೂ ಜಗಳ ಆಡಬಾರದು, ಡಾಕ್ಟ್ರು ಹೇಳಿದಾರೆ, ಸಿಟ್ಟು ಬಂದ್ರೆ ಇನ್ನೊಂದು ಸಲ ಏಳಲ್ಲ ಅಂತ ಅತ್ತುಬಿಟ್ಲು. ನಮ್ಮೆಲ್ಲರ ಕೈಲೂ ಕೋಬ್ರೆ ಚರ್ಚಿನ ತಾಯಿ ಮೇಲೆ ಆಣೆ ಹಾಕಿಸ್ಕೊಂಡ್ಲು. ನಾನು ಏನು ಮಾಡ್ಲಿ? ಆ ತಾಯಿ ಮೇಲಿನ ಆಣೆ ಕಣೋ."

"ಅದಕ್ಕೆ ಬಸ್ಸನ್ನೂ ಬಿಟ್ಟುಕೊಟ್ಯಾ?"

"ಕೊಟ್ಟೆ," ಅಂದ ಲಿಮೋಂಟಾ. "ಇನ್ನೊಂದ್ಸಲ ಕೇಳ್ಬೇಡ. ಇನ್ನೊಂದ್ಸಲ ನನ್ನ ಕೈಲಾಗಲ್ಲ."

ಎವೆಲಿಯೊ ಏರು ಹತ್ತುವಾಗ ನಿಯೆವೆಸಳಿಗೆ ಹೇಳಬೇಕಾದ ಬಿರುಸು ಮಾತುಗಳನ್ನೆಲ್ಲ ಜೋಡಿಸಿಕೊಂಡ. ಅವಳು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹಗ್ಗದ ಮೇಲೆ ಅವನ ಅಂಗಿಯೂ ಇತ್ತು. ಒಗೆದು ಕೊಡು ಅಂತ ಅವನು ಕೇಳಿರಲಿಲ್ಲ.

"ಯಾಕೆ ಹಾಗೆ ಮಾಡ್ದೆ?" ಅಂದ.

ಯಾವುದು ಅಂತ ಅವಳು ಕೇಳಲಿಲ್ಲ. "ನೀವು ಅಲ್ಲಿ ಹಂದಿ ಕೊಯ್ದ ಹಾಗೆ ಕಿರುಚ್ಕೋತೀರಿ. ನಾನು ದೂರದಿಂದ ನೋಡಿದೀನಿ. ಬಿದ್ದುಬಿಟ್ರೆ?"

"ಬಿದ್ರೆ ಬೀಳ್ತೀನಿ. ಅವ್ರು ನನ್ನ ಹತ್ರ ಮಾತಾಡಿದ ಹಾಗೆ ಮಾಡ್ತಾರೆ ನಿಯೆವೆಸ್, ಮಾತಾಡಲ್ಲ. ಆಣೆ ಬಿಡಿಸು."

ಅವಳು ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಅಂಗಿಯ ತೋಳಿಗೆ ಹಾಕಿದಳು. "ಅಕ್ಕನ್ನ ಮಣ್ಣು ಮಾಡಿ ಬಂದ ದಿನ ನಾನು ಒಬ್ಳೇ ಕೂತು ಕಾಫಿ ಸೋಸಿದೆ. ಅಭ್ಯಾಸದ ಮೇಲೆ ಅಕ್ಕನಿಗೂ ಸೇರಿಸಿ ಎರಡು ಲೋಟಕ್ಕೆ ಸೋಸಿಬಿಟ್ಟಿದ್ದೆ. ಆಮೇಲೆ ಗೋಡೆ ಆಚೆ ನೀವಿದೀರಿ ಅಂತ ನೆನಪಾಯ್ತು. ನೀವೂ ಹೋದ್ರೆ ಆ ಇನ್ನೊಂದು ಲೋಟ ಯಾರಿಗೆ ಇಳಿಸ್ಲಿ ಭಾವ?"

ಹಗ್ಗದ ಇನ್ನೊಂದು ತುದಿ ಸಡಿಲವಾಗಿತ್ತು, ಎವೆಲಿಯೊ ಅದನ್ನು ಬಿಗಿದು ಕಟ್ಟಿಕೊಟ್ಟು ಒಳಗೆ ಹೋದ.

ಅದಾದ ಮೇಲೆ ಕೆಲವು ದಿನ ಅವನು ಚೌಕದ ಕಡೆ ಸುಳಿಯಲಿಲ್ಲ. ತೂಗುಕುರ್ಚಿಯಲ್ಲಿ ಕೂತು ರೇಡಿಯೋ ಹಾಕಿ ಆಟ ಕೇಳಿದ. ನೀಲಿ ಮುಂದಿನ ಸುತ್ತಿಗೆ ಹೋಗಲಿಲ್ಲ. ಕೆಂಪೂ ಹೋಗಲಿಲ್ಲ. ಹಿಂದೆ ಆಗಿದ್ದರೆ ಯಾರು ಹೆಚ್ಚು ಕೆಟ್ಟದಾಗಿ ಸೋತರು ಅಂತ ತಿಂಗಳುಗಟ್ಟಲೆ ಕಿತ್ತಾಡಬಹುದಾಗಿತ್ತು. ರೇಡಿಯೋದವನು ಹೇಳಿದ್ದು ತಪ್ಪು ಅನ್ನಿಸಿದಾಗ ಎವೆಲಿಯೊ ಜೋರಾಗಿ "ಸುಳ್ಳು!" ಅಂದ. ರೇಡಿಯೋ ತನ್ನ ಪಾಡಿಗೆ ತಾನು ಮಾತಾಡುತ್ತಲೇ ಇತ್ತು.

ಒಂದು ಬೆಳಗ್ಗೆ ಬ್ರೆಡ್ಡು ತೆಗೆದುಕೊಂಡು ಬರುವಾಗ ಕಾಲು ತಾನಾಗಿ ಆ ಕಡೆ ಹೋಯಿತು. ದೂರದಿಂದಲೇ ಗದ್ದಲ ಕೇಳಿಸಿತು. ಅಸಲಿ ಗದ್ದಲ. ಅವನ ಎದೆ ಹಗುರಾಯಿತು, ಹಿಂದೆಯೇ ಹೊಟ್ಟೆಯೂ ಉರಿಯಿತು. ನಾನಿಲ್ಲದೆ ಯಾರ ಜೊತೆ ಜಗಳ? ಎಲ್ಲರೂ ಕೆಂಪಿನವರೇ ಅಲ್ಲವೆ? ಕಬ್ಬಿನ ಹಾಲಿನ ಅಂಗಡಿಯ ಮರೆಗೆ ನಿಂತು ಇಣುಕಿದ.

ಗುಂಪಿನ ನಡುವೆ ಒಬ್ಬನೇ ನಿಂತು ಎಲ್ಲರಿಂದ ಬೈಸಿಕೊಳ್ಳುತ್ತಿದ್ದವನು ಲಿಮೋಂಟಾ. ಎವೆಲಿಯೊನಂತೆಯೇ ಒಂದು ಕೈ ಸೊಂಟದ ಮೇಲೆ, ಇನ್ನೊಂದರ ಬೆರಳು ಎಲಾದಿಯೊನ ಮೂಗಿನ ತುದಿಗೆ.

"ಬರೋ ವರ್ಷ ನೀಲಿಯವ್ರಿಗೆ ಆ ಎಡಗೈ ಹುಡುಗ ಬರ್ತಾನೆ! ಕೈಯಲ್ಲಿ ಸಿಡಿಲಿದೆ ಅವನಿಗೆ! ನಮ್ಮವನು ಎಸೆಯೋದಲ್ಲ, ಅಂಚೆಗೆ ಹಾಕ್ತಾನೆ!"

"ಥೂ, ಜಾತಿಗೆಟ್ಟವನೇ! ಯಾವಾಗಯ್ಯಾ ನೀಲಿ ಆದೆ?"

"ಯಾರಾದ್ರೂ ಆಗ್ಬೇಕಲ್ಲ! ಅವನು ಬರೋವರೆಗೆ ಅವನ ಜಾಗ ಖಾಲಿ ಬಿಡೋಕಾಗುತ್ತಾ?"

"ಹಾಗಾದ್ರೆ ನಿನ್ನ ಬಸ್ಸಿನ ಕಥೆ ಏನು? ಹೇಳು, ಹೇಳು!" ಎಲಾದಿಯೊ ಗುಂಪಿನ ಕಡೆ ತಿರುಗಿ ಕಣ್ಣು ಹೊಡೆದ. "ಬಸ್ಸಿನ ಮೇಲೆ ಬಿದ್ದಿದ್ದು ಏನು?"

ಲಿಮೋಂಟಾನ ಕತ್ತಿನ ನರ ಉಬ್ಬಿತು. ಆಮೇಲೆ ಇಡೀ ಚೌಕಕ್ಕೆ ಕೇಳುವಂತೆ ಕೂಗಿದ: "ಮಾವಿನಹಣ್ಣು!"

ಗುಂಪು ಹೋ ಎಂದು ಅವನ ಮೇಲೆ ಬಿತ್ತು.

ಅಂಗಡಿಯ ಹಿಂದೆ ಎವೆಲಿಯೊ ಬಾಯಿಗೆ ಟೋಪಿ ಒತ್ತಿಕೊಂಡು ನಕ್ಕ. ನಗುತ್ತ ಕಣ್ಣಲ್ಲಿ ನೀರು ಬಂತು. ಎಡಗೈ ಹುಡುಗನ ವಯಸ್ಸನ್ನು ಲಿಮೋಂಟಾ ತಪ್ಪು ಹೇಳುತ್ತಿದ್ದ, ಎಸೆತದ ವೇಗವನ್ನೂ ತಪ್ಪು ಹೇಳುತ್ತಿದ್ದ, ಗೆಲ್ಲಬಹುದಾದ ವಾದವನ್ನು ಕೈಯಾರೆ ಕೆಡಿಸುತ್ತಿದ್ದ. ಒಂದು ಹೆಜ್ಜೆ ಮುಂದಿಟ್ಟು "ಹಾಗಲ್ಲ ಕಣೋ ಪೆದ್ದ!" ಅನ್ನಬೇಕು ಅನ್ನಿಸಿತು. ಆದರೆ ಇಟ್ಟರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಗದ್ದಲ ನಿಲ್ಲುತ್ತದೆ. ಯಾರೋ ಬೆಂಚಿನ ಧೂಳು ಹೊಡೆಯುತ್ತಾರೆ.

ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ವಾದ ಮುಗಿಯುವ ತನಕ, ಬ್ರೆಡ್ಡು ಕಂಕುಳಲ್ಲಿ ಇಟ್ಟುಕೊಂಡು, ಆ ಮರೆಯಲ್ಲೇ ನಿಂತು ಕೇಳಿದ. ನಿಂತೇ ಕೇಳಿದ.

ಮನೆಗೆ ಬಂದಾಗ ಗೋಡೆಯ ಆಚೆಯಿಂದ ನಿಯೆವೆಸ್ ಕೇಳಿದಳು, "ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ರಿ ಭಾವ?"

"ಚೌಕಕ್ಕೆ."

"ಜಗಳ ಆಡ್ಲಿಲ್ಲ ತಾನೆ?"

"ನಾನು ಬಾಯೇ ಬಿಡ್ಲಿಲ್ಲ."

ಆಮೇಲೆ ಅವಳ ಚಪ್ಪಲಿಯ ಸದ್ದು ಒಳಗೆ ಹೋಯಿತು.

ಎವೆಲಿಯೊ ರೇಷನ್ ಅಕ್ಕಿಯನ್ನು ಅಡುಗೆಮನೆಯ ಮೇಜಿನ ಮೇಲೆ ಸುರಿದುಕೊಂಡ. ಕಿಟಕಿಯ ಬೆಳಕಿಗೆ ಕುರ್ಚಿ ಎಳೆದು ಕೂತು ಕನ್ನಡಕ ಹಾಕಿದ. ಕಿವಿಯಲ್ಲಿ ಇನ್ನೂ ಆ ಗದ್ದಲ ಗುಂಯ್ ಅನ್ನುತ್ತಿತ್ತು. ಕಲ್ಲು ಸಿಕ್ಕಿದರೆ ಎಡಕ್ಕೆ, ನೆಲ್ಲು ಸಿಕ್ಕಿದರೂ ಎಡಕ್ಕೆ ತಳ್ಳುತ್ತ, ಒಳ್ಳೆಯ ಅಕ್ಕಿಯನ್ನು ಅಂಗೈಯಿಂದ ಪಾತ್ರೆಗೆ ಎಳೆದುಕೊಳ್ಳುತ್ತ ಹೋದ.