ಗುವಾಹಟಿಗೆ ಮೂರು ಗಂಟೆ

ಅಕ್ಕನ ಫೋನು ಬಂದಾಗ ನಾನು ಶಿವಮೊಗ್ಗದ ಮನೆಯಲ್ಲಿ ಏಳನೇ ತರಗತಿಯ ಭೂಗೋಳದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಭಾವ ಸೇನೆಯಿಂದ ನಿವೃತ್ತರಾಗಿ ಗುವಾಹಟಿಯಲ್ಲೇ ಮನೆ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ಅಲ್ಲಿ ಒಬ್ಬಳೇ. ಈಗ ಮೇ ತಿಂಗಳಲ್ಲಿ ಅವಳಿಗೆ ಮಂಡಿ ಆಪರೇಷನ್ ಆಗಬೇಕಿತ್ತು.

"ಒಂದು ಹದಿನೈದು ದಿನ ಬರ್ತೀಯೇನೇ? ಬಾತ್‌ರೂಮಿಗೆ ಕೈ ಹಿಡ್ಕೊಂಡು ಹೋಗೋಕಾದ್ರೂ ಒಬ್ರು ಬೇಕು."

ಬೇಸಿಗೆ ರಜೆ ಶುರುವಾಗಲು ನಾಲ್ಕೇ ದಿನ ಉಳಿದಿತ್ತು. ಆಯನೂರಿನಲ್ಲಿ ನಾದಿನಿಯ ಗೃಹಪ್ರವೇಶವಿತ್ತು, ನಿಜ. ಆದರೆ ನಾನು ಹಿಂಜರಿದದ್ದು ಅದಕ್ಕಲ್ಲ. ರೋಗಿಯ ಸೇವೆಯೆಂದರೆ ನನಗೆ ಅಸಹ್ಯ.

"ಅಷ್ಟು ದೂರ ಹೇಗೆ ಬರ್ಲಿ ಮಾರಾಯ್ತಿ? ಹತ್ರ ಹತ್ರ ಮೂರು ಸಾವಿರ ಕಿಲೋಮೀಟರು. ರೈಲಲ್ಲಿ ಮೂರು ದಿನ" ಎಂದೆ, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ. ವಿಮಾನದ ಸುದ್ದಿ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. "ಹೌದು ಬಿಡು, ನಿಂಗೆ ತ್ರಾಸು" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ ಕೂತಿದ್ದೆ. ವಿಡಿಯೋ ಕಾಲ್ ಬಂತು. ಅಕ್ಕನ ಬಾಲ್ಯದ ಗೆಳತಿ, ಭದ್ರಾವತಿಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಅವರ ಹಿಂದೆ ಆಸ್ಪತ್ರೆಯ ಮಂಚದಲ್ಲಿ ಅಕ್ಕ ಮಲಗಿದ್ದಳು.

"ಎಲ್ರೂ ದೂರ ದೂರ ಅಂತ ಹೆದರ್ಸಿದ್ರು ಕಣೇ! ಬೆಂಗಳೂರಲ್ಲಿ ವಿಮಾನ ಹತ್ತಿ ಒಂದು ನಿದ್ದೆ ತೆಗೆದೆ, ಗುವಾಹಟಿ ಬಂದೇ ಬಿಡ್ತು. ಮೂರೇ ಗಂಟೆ! ಭದ್ರಾವತಿಯಿಂದ ಬೆಂಗಳೂರಿಗೇ ಅದಕ್ಕಿಂತ ಜಾಸ್ತಿ ಹಿಡೀತು."

ಅರವತ್ತು ದಾಟಿದ ಅವರು ವಿಮಾನ ಹತ್ತಿದ್ದು ಅದೇ ಮೊದಲು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಪಕ್ಕದಲ್ಲಿದ್ದವರೆಲ್ಲ ಕೇಳಿಸಿಕೊಂಡರು. ನನ್ನ ಕಿವಿ ಬಿಸಿಯಾಯಿತು. ಸಿಗ್ನಲ್ ಇಲ್ಲವೆಂದು ಸುಳ್ಳು ಹೇಳಿ ಫೋನಿಟ್ಟೆ. ಹೋಳಿಗೆ ಎಲೆಯಲ್ಲೇ ಉಳಿಯಿತು.

ಅವರು ಊರಿಗೆ ಮರಳಿದ ಮೇಲೆ ಭದ್ರಾವತಿಗೆ ಹೋದೆ. ಕಾಫಿ ಕೊಟ್ಟು, ದನಿ ತಗ್ಗಿಸಿ ಹೇಳಿದರು: "ನಿಂಗೆ ಸ್ಕೂಲಲ್ಲಿ ರಜೆ ಕೊಡ್ಲಿಲ್ಲ ಅಂತ ನಿಮ್ಮಕ್ಕಂಗೆ ಹೇಳಿದೀನಿ. ನೀನೂ ಹಾಗೇ ಹೇಳು."

"ನಂಬಿದ್ಲಾ?"

"ನಿಮ್ಮಮ್ಮನೂ ಟೀಚರ್ ಆಗಿದ್ರಲ್ವಾ? ಮೇ ತಿಂಗಳಲ್ಲಿ ಸ್ಕೂಲ್ ಇರಲ್ಲ ಅಂತ ಅವಳಿಗೆ ಗೊತ್ತಿಲ್ವಾ? ಆದ್ರೂ ಹೂಂ ಅಂದ್ಲು, ಪಾಪ."

ನನ್ನ ಮಾನ ಉಳಿಸಲು ಒಬ್ಬರು ಸುಳ್ಳು ಹೇಳಿದ್ದರು, ಇನ್ನೊಬ್ಬಳು ಅದನ್ನು ನಂಬಿದಂತೆ ನಟಿಸಿದ್ದಳು. ಕಾಫಿ ಲೋಟ ಕೆಳಗಿಟ್ಟು ಎದ್ದೆ.

ದಸರಾ ರಜೆಯಲ್ಲಿ, ಯಾರೂ ಕರೆಯದಿದ್ದರೂ, ಅಕ್ಕನಿಗೆ ತಿಳಿಸಿ ಗುವಾಹಟಿಗೆ ಹೊರಟೆ. ವಿಮಾನ ನಿಲ್ದಾಣದ ಹೊರಗೆ ಅಕ್ಕ ಊರುಗೋಲು ಹಿಡಿದು ನಿಂತಿದ್ದಳು. "ಬಂದ್ಯಾ? ಸುಸ್ತಾಯ್ತೇನೇ, ಕೊಡಿಲ್ಲಿ" ಎಂದು ನನ್ನ ಬ್ಯಾಗಿಗೆ ಕೈ ಚಾಚಿದಳು.

ನಾನು ಬ್ಯಾಗು ಬಿಡಲಿಲ್ಲ. ಅವಳ ಮುಖ ನೋಡಲೂ ಆಗಲಿಲ್ಲ.