ಮೂವರು ಗೆಥಿನ್ ಪ್ರಾಬರ್ಟರು

ನಮ್ಮ ಕಣಿವೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಒಬ್ಬ ಪ್ರಾಬರ್ಟನ ತಲೆಗೇ ಬೀಳಬೇಕು. ಹಿಂದೆ ವೇಲ್ಸಿನ ಗಡಿಸೀಮೆಯಲ್ಲಿ ರಾಬರ್ಟ್ ಎಂಬವನೊಬ್ಬ ಸಂತೆಗೆ ದನ ಹೊಡೆದುಕೊಂಡು ಹೋಗುತ್ತಿದ್ದನಂತೆ. ಅವನ ಮಗನನ್ನು ಅಲ್ಲಿನ ರೂಢಿಯಂತೆ ‘ಅಪ್ ರಾಬರ್ಟ್’, ಅಂದರೆ ರಾಬರ್ಟನ ಮಗ, ಎಂದು ಕರೆದರು. ಇಂಗ್ಲಿಷಿನಲ್ಲಿ ಬರೆಯುವ ಪುಣ್ಯಾತ್ಮರು ಎರಡನ್ನೂ ಒತ್ತಿ ಪ್ರಾಬರ್ಟ್ ಮಾಡಿ, ಹುಟ್ಟಿದವರಿಗೆಲ್ಲ ಅದನ್ನೇ ಅಂಟಿಸಿದರು. ಕಲ್ಲಿದ್ದಲು ಸಿಕ್ಕಿದ ಮೇಲೆ ಆ ಸಂತಾನ ಹಿಂಡುಹಿಂಡಾಗಿ ಇಲ್ಲಿಗೆ ಇಳಿಯಿತು. ಸಾಲದ್ದಕ್ಕೆ ಹಿರಿಮಗನಿಗೆ ಅಜ್ಜನ ಹೆಸರು ಇಡಲೇಬೇಕು. ಅವರಲ್ಲಿ ಗೆಥಿನ್ ಎಂಬ ಮುದುಕನಿಗೆ ಮೂವರು ಗಂಡುಮಕ್ಕಳು. ಹೀಗಾಗಿ ಮೊಮ್ಮಕ್ಕಳಲ್ಲಿ ಮೂವರು ಗೆಥಿನ್ ಪ್ರಾಬರ್ಟರು. ಮೂವರೂ ಗಣಿ ಕೆಲಸದವರೇ. ಮನೆ, ಚಟ ನೋಡಿ ನಾವು ಬಾವಿ ಗೆಥಿನ್, ಸೇತುವೆ ಗೆಥಿನ್, ಪಾರಿವಾಳದ ಗೆಥಿನ್ ಎಂದುಕೊಂಡು ಸುಖವಾಗಿದ್ದೆವು.

ಪಾರಿವಾಳದವನ ಹೆಂಡತಿ ಮಾರೆಡ್ ನನ್ನ ಪಕ್ಕದ ಮನೆಯವಳು. ಬಾಯಿ ಜೋರು, ಕೈ ಧಾರಾಳ. ಗಂಡ ಗಣಿಗೆ ಹೊರಟಾಗ ಹುಷಾರು ಎಂದು ಒಂದು ದಿನವೂ ಅಂದವಳಲ್ಲ. ನಿನ್ನ ಹಕ್ಕಿಗಳಿಗೆ ಕಾಳು ಹಾಕುವುದು ನನ್ನಿಂದಾಗದು, ಬೇಗ ಬಾ ಎಂದು ಗದರುತ್ತಿದ್ದಳು. ಅದೇ ಅವಳ ಮುದ್ದು.

ಒಂದು ಮಂಗಳವಾರ ಗಣಿಯೊಳಗೆ ಚಾವಣಿ ಕುಸಿಯಿತು. ಗಣಿಯ ಕಚೇರಿಗೆ ಹೊರಗಿನಿಂದ ಹೊಸದಾಗಿ ಬಂದ ಗುಮಾಸ್ತನೊಬ್ಬ ನಮ್ಮ ಬೀದಿಗೆ ಬಂದು ಟೋಪಿ ತೆಗೆದು, ಗೆಥಿನ್ ಪ್ರಾಬರ್ಟ್ ತೀರಿಕೊಂಡನೆಂದ. ಯಾವ ಗೆಥಿನ್ ಎಂದು ಕೇಳಿದರೆ ಪಿಳಿಪಿಳಿ ಕಣ್ಣು ಬಿಟ್ಟ. ನಮ್ಮವನಾಗಿದ್ದರೆ ಅಡ್ಡಹೆಸರಿಲ್ಲದೆ ಬಾಯಿ ತೆರೆಯುತ್ತಿರಲಿಲ್ಲ. ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು ನನಗೆ. ಕೇಳಿಕೊಂಡು ಬರುತ್ತೇನೆಂದು ಅವನು ಇಳಿಜಾರಿನಲ್ಲಿ ಓಡಿದ.

ಮೂವರು ಹೆಂಡಂದಿರೂ ಮಾರೆಡ್‌ಳ ಅಡುಗೆಮನೆಯಲ್ಲಿ ಕೂತರು. ನಾನು ಕೊಟ್ಟ ಚಹಾ ಯಾರೂ ಮುಟ್ಟಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಾವಿಯವನ ಹೆಂಡತಿ ಆಲ್ವೆನ್ ತುಂಬಿದ ಬಸುರಿ. ದೇವರಿದ್ದಾನೆ ಎಂದು ಹೇಳಹೋಗಿ ನಾನೇ ನಾಲಗೆ ಕಚ್ಚಿಕೊಂಡೆ. ಯಾರ ಪಾಲಿಗೆ ಇದ್ದಾನೆ? ಇಬ್ಬರು ಉಳಿಯಬೇಕಾದರೆ ಒಬ್ಬಳು ಮುಳುಗಲೇಬೇಕಿತ್ತು.

ಹೊರಗೆ ಬೂಟಿನ ಸದ್ದಾಯಿತು. ಸೇತುವೆಯವನು ಬಂದ, ಅವನ ಹೆಂಡತಿ ಕುರ್ಚಿ ಕೆಡವಿಕೊಂಡು ಓಡಿದಳು. ಉಳಿದ ಇಬ್ಬರಲ್ಲಿ ಮಾರೆಡ್ ಆಲ್ವೆನ್‌ಳ ಕೈ ಹಿಡಿದಳು. ಎಷ್ಟು ಬಿಗಿಯಾಗಿ ಎಂದರೆ ಇಬ್ಬರ ಬೆರಳೂ ಬೆಳ್ಳಗಾದವು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಹೋಗಲೂ ಆಗಲಿಲ್ಲ.

ಮತ್ತೆ ಬಾಗಿಲು ತೆರೆಯಿತು. ಮಸಿ ಮೆತ್ತಿದ ಮುಖ, ಪಾರಿವಾಳದ ಗೆಥಿನ್. ಅವನು ಆಲ್ವೆನ್‌ಳನ್ನು ನೋಡಿ ತಲೆ ತಗ್ಗಿಸಿದ.

ಮಾರೆಡ್ ಎದ್ದು ಗಂಡನ ಬಳಿ ಹೋಗಲಿಲ್ಲ. ಆಲ್ವೆನ್ ಕೈ ಬಿಡಿಸಿಕೊಂಡು ಮೆಲ್ಲನೆ ಕೇಳಿದಳು:

“ಇಷ್ಟೊತ್ತು ದೇವರ ಹತ್ರ ಏನು ಕೇಳ್ಕೊಂಡೆ ಮಾರೆಡ್? ನಿಜ ಹೇಳು.”

ಮಾರೆಡ್‌ಳ ಜೋರು ಬಾಯಿ ಈಗ ಪಿಸುಗುಟ್ಟಿತು. “ಸತ್ತೋನು ನನ್ನೋನು ಆಗ್ದೇ ಇರ್ಲಿ ಅಂತ,” ಎಂದಳು.

“ನಾನೂ ಅದನ್ನೇ ಕೇಳ್ಕೊಂಡೆ ಕಣೇ,” ಎಂದು ಆಲ್ವೆನ್ ಅವಳ ತೊಡೆಯ ಮೇಲೆ ತಲೆಯಿಟ್ಟಳು.