ಪಿಕಪ್ ಏರಿ ಬಂದ ಗಾಣ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನಾನೂ ನನ್ನ ಹೆಂಡತಿ ಸುಮಿತ್ರೆಯೂ ಕೊಪ್ಪದಿಂದ ನರಸಿಂಹರಾಜಪುರದ ಕಡೆ ಹೊರಟೆವು. ಮಂಜು ದಟ್ಟವಾಗಿತ್ತು, ದೀಪ ಹಾಕಿಕೊಂಡೇ ಗಾಡಿ ಓಡಿಸಿದೆ. ಅವಳ ತವರಿನ ಹಿತ್ತಲಲ್ಲಿ ಕಬ್ಬು ಅರೆಯುವ ಕಬ್ಬಿಣದ ಗಾಣವೊಂದು ಬಹಳ ವರ್ಷಗಳಿಂದ ಸುಮ್ಮನೆ ನಿಂತಿತ್ತು. ಅದನ್ನು ಗುಜರಿಗೆ ಹಾಕುತ್ತೇನೆಂದು ಅವಳ ತಮ್ಮ ಶ್ರೀಧರ ಫೋನಿನಲ್ಲಿ ಹೇಳಿದ ದಿನ ಸುಮಿತ್ರೆ ಊಟ ಬಿಡಲಿಲ್ಲ, ಮಾತು ಬಿಟ್ಟಳು. ಮಾರನೆಯ ದಿನ ಅವಳೇ ಬಾಯಿ ತೆರೆದಳು: "ಮಗಳ ಮನೆ ಶೃಂಗೇರಿ ಬೀಗರು ಈ ಸಲ ಕಬ್ಬು ಹಾಕಿದಾರಲ್ಲ, ಗಾಣ ಅಲ್ಲಿಗೇ ಹೋಗ್ಲಿ. ನಮ್ಮ ಪಿಕಪ್ ಇರೋದು ಎಂತಕ್ಕೆ?"

ಪಿಕಪ್ಪಿನ ಹಿಂಭಾಗವೋ ಸೋತುಹೋಗಿತ್ತು. ನಾಲ್ಕು ಮೂಟೆ ಗೊಬ್ಬರ ಹೇರಿದರೂ ಹಿಂದಕ್ಕೆ ಕೂತುಬಿಡುತ್ತಿತ್ತು. ಹಾಗಾಗಿ ಹೊರಡುವ ಮುನ್ನಾದಿನ ಕೊಪ್ಪದ ಬಶೀರಣ್ಣನ ಗ್ಯಾರೇಜಿಗೆ ಒಯ್ದಿದ್ದೆ. ಅವರು ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಎರಡೂ ಕಮಾನುಗಳನ್ನು ಬಿಚ್ಚಿ, ಸೀಳು ಬಿಟ್ಟಿದ್ದ ಪಟ್ಟಿ ಬದಲಿಸಿ, ಒಂದೊಂದು ದಪ್ಪ ಪಟ್ಟಿ ಹೆಚ್ಚಿಗೆ ಸೇರಿಸಿ, ಹೊಸ ಬೋಲ್ಟು ಬಿಗಿದರು. ಗಾಡಿಯ ಹಿಂಭಾಗ ಎದ್ದು ನಿಂತಿತು.

"ಕಮಾನು ಗಟ್ಟಿ ಆಯ್ತು ಮಾರಾಯ್ರೆ. ಆದ್ರೆ ಬ್ರೇಕು ಅದೇ, ಟಯರೂ ಅದೇ. ಹಿಂದೆ ಕೂರ್ಲಿಲ್ಲ ಅಂತ ಸಿಕ್ಕಿದ್ದೆಲ್ಲ ಹೇರ್ಬೇಡಿ" ಎಂದರು ಬಶೀರಣ್ಣ.

ಖಾಲಿ ಗಾಡಿ ಪ್ರತಿ ಗುಂಡಿಗೂ ನಮ್ಮನ್ನು ಎತ್ತಿ ಹಾಕುತ್ತಿತ್ತು. "ಅಪ್ಪನ ಎತ್ತಿನ ಗಾಡಿಯೇ ಇದಕ್ಕಿಂತ ವಾಸಿ" ಎಂದು ಸುಮಿತ್ರೆ ಬಾಗಿಲು ಹಿಡಿದುಕೊಂಡಳು. ಆ ಗಾಡಿಯನ್ನು ನಾನೂ ಬಲ್ಲೆ. ಚಳಿ ಬಂತೆಂದರೆ ಅವಳಪ್ಪ ಗಾಣ ಹೇರಿಕೊಂಡು ಊರೂರಿಗೆ ಹೋಗಿ ಬೆಲ್ಲದ ಆಲೆಮನೆ ಹೂಡುತ್ತಿದ್ದರು. ನಮ್ಮೂರಿಗೆ ಬಂದಾಗ ಕಬ್ಬಿನ ಹಾಲು ಕುಡಿಯಲು ಹೋಗಿದ್ದೆ. ಲಂಗ ದಾವಣಿಯ ಹುಡುಗಿಯೊಬ್ಬಳು ಚೊಂಬಿನಿಂದ ಹೊಯ್ದು ಹೊಯ್ದು ಸಾಕಾಗಿ, "ಹೊಟ್ಟೆಯೋ ಕೊಪ್ಪರಿಗೆಯೋ?" ಎಂದು ಕೇಳಿದಳು. ಮದುವೆಯ ಮಾತು ಎದ್ದಾಗ ನಾನು ಹೆಣ್ಣು ನೋಡಲು ಹೋಗಬೇಕಾಗಿರಲಿಲ್ಲ.

ನರಸಿಂಹರಾಜಪುರದ ಪೇಟೆಯಲ್ಲಿ ಬನ್ಸ್ ತಿಂದು, ಚಹಾ ಕುಡಿದು, ಹಿನ್ನೀರಿನ ಕಡೆಗಿರುವ ಅವಳ ತವರು ತಲುಪುವಾಗ ಬಿಸಿಲು ಬಂದಿತ್ತು. ಶ್ರೀಧರ ಬಳ್ಳಿ ಕಡಿದು ಗಾಣವನ್ನು ಒರೆಸಿಟ್ಟಿದ್ದ. ಚೈನ್ ಬ್ಲಾಕಿನ ಸರಪಳಿಯಲ್ಲಿ ಎತ್ತಿ ಗಾಡಿಗೆ ಇಳಿಸಿದಾಗ ಪಿಕಪ್ ನರಳಿತು, ಆದರೆ ಕೂರಲಿಲ್ಲ. ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೂ ಹೇರಿದೆವು.

"ಬಾವ, ಗಾಣದ ಎಂಜಿನ್ನೂ ಹಾಕ್ಕೊಳ್ಳಿ. ಮತ್ತೊಂದು ಸಲ ಯಾರು ಬರ್ತಾರೆ?" ಎಂದ ಶ್ರೀಧರ.

ಬಗ್ಗಿ ನೋಡಿದೆ. ಕಮಾನು ಇನ್ನೂ ತಾಳುವ ಹಾಗಿತ್ತು. ಆಸೆಯಾಯಿತು, ಹೇರಿಸಿದೆ. ಮನೆಯ ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಗಾಡಿ ನಿಲ್ಲದೆ ಜಾರುತ್ತಲೇ ಹೋಗಿ, ಮೋರಿಯ ಕಟ್ಟೆಯ ಹತ್ತಿರ ಹೋಗಿ ನಿಂತಿತು.

"ಎಂಜಿನ್ ಇಳಿಸಿ" ಎಂದಳು ಸುಮಿತ್ರೆ.

"ಗಾಣ ತಿರುಗ್ಸೋದು ಯಾರೇ ಅಕ್ಕಾ?" ಎಂದು ಓಡಿ ಬಂದ ಶ್ರೀಧರ ಕೇಳಿದ.

"ಅಪ್ಪನ ಗಾಡೀಲಿ ಎಂಜಿನ್ ಇತ್ತೇನೋ? ಇಳಿಸು ಅಂದೆ."

ಇಳಿಸಿದೆವು. ಗಾಣದ ಭಾರವಿದ್ದುದರಿಂದ ಗಾಡಿ ಈಗ ಕುಲುಕದೆ ಮೆತ್ತಗೆ ಓಡಿತು. ಕೊಪ್ಪ ದಾಟಿ ಹರಿಹರಪುರದ ಹೋಟೆಲಿನೆದುರು ನಿಲ್ಲಿಸಿ ಊಟ ಮುಗಿಸಿ ಬಂದರೆ, ಮುದುಕರೊಬ್ಬರು ಗಾಣದ ಉರುಳೆಯ ಮೇಲೆ ಕೈಯಿಟ್ಟು ನಿಂತಿದ್ದರು. "ಎಲ್ಲಿ ಮಾರಾಯ ಆಲೆಮನೆ?" ಎಂದರು. ಹೇಳಿದೆ. ಅವರು ಉರುಳೆಯನ್ನೊಮ್ಮೆ ಸವರಿ ಪಕ್ಕಕ್ಕೆ ಸರಿದರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದರು.

ಶೃಂಗೇರಿಯಿಂದ ಒಳಗೆ ಬೀಗರ ಗದ್ದೆಯಲ್ಲಿ ಗಾಣ ನೆಟ್ಟೆವು. ಕಟ್ಟಲು ಎತ್ತಿಲ್ಲ, ಕೋಣವಿಲ್ಲ. ಮರುದಿನ ಬೀಗರಾದ ಕೃಷ್ಣಯ್ಯನವರು, ಅಳಿಯ, ನಾನು, ಸುಮಿತ್ರೆ ಸೇರಿ ಗಾಣ ತಿರುಗಿಸುವ ಉದ್ದನೆಯ ಮರಕ್ಕೆ ಹೆಗಲು ಕೊಟ್ಟೆವು. ಮಗಳು ಗಾಣಕ್ಕೆ ಕಬ್ಬು ಕೊಟ್ಟಳು. ಗಾಣ ಕಿರುಗುಟ್ಟಿತು, ಅಂಟಿಕೊಂಡಿತು, ಆಮೇಲೆ ತಿರುಗಿತು. ಸೆರಗು ಸಿಕ್ಕಿಸಿ ತಳ್ಳುತ್ತಿದ್ದ ಸುಮಿತ್ರೆ ಇದ್ದಕ್ಕಿದ್ದಂತೆ, "ಹೋ ಕೆಂದ! ಬಾ ಬೊಳ್ಳ!" ಎಂದು ಅಪ್ಪನ ಎತ್ತುಗಳನ್ನು ಕರೆದಳು. ಕೂಡಲೇ ನಾಲಿಗೆ ಕಚ್ಚಿಕೊಂಡಳು.

"ನಾನು ಕೆಂದನೋ ಬೊಳ್ಳನೋ, ಬೀಗಿತ್ತಿಯವರೇ?" ಎಂದರು ಕೃಷ್ಣಯ್ಯ. ನಕ್ಕು ನಕ್ಕು ಯಾರಿಗೂ ತಳ್ಳಲಾಗಲಿಲ್ಲ. ಅಷ್ಟರಲ್ಲಿ ಅರೆದಿದ್ದ ಹಾಲು ಮಾತ್ರ ಇನ್ನೂ ಕೊಡಕ್ಕೆ ಇಳಿಯುತ್ತಿತ್ತು.

ಸಂಜೆ ಖಾಲಿ ಪಿಕಪ್ಪಿನಲ್ಲಿ ಮತ್ತೆ ಕುಲುಕಾಡುತ್ತ ಮನೆ ಕಡೆ ಹೊರಟೆವು. "ಕೆಲಸ ಆಯ್ತಲ್ಲ, ಆ ಪಟ್ಟಿ ತೆಗೆಸಿಬಿಡ್ಲಾ? ನಿನ್ನ ಸೊಂಟ ಉಳಿಯುತ್ತೆ" ಎಂದೆ.

"ಬ್ಯಾಡ, ಇರ್ಲಿ. ಇಲ್ಲಿ ಮುಗಿದ ಮೇಲೆ ನಮ್ಮ ಕೊಪ್ಪದ ಹತ್ರದ ನಾರ್ವೆ ಊರಿಗೆ ಗಾಣ ತರ್ತೀವಿ ಅಂತ ಹೇಳಿದೀನಿ."

"ಯಾರಿಗೆ? ಯಾವಾಗ?"

"ಇವತ್ತು ಕಬ್ಬಿನ ಹಾಲು ಕುಡಿಯಕ್ಕೆ ಆ ಊರಿನವರು ಬಂದಿದ್ರಲ್ಲ, ಅವರಿಗೆ. ನೀವು ಹಗ್ಗ ಸುತ್ತುತ್ತಾ ಇದ್ರಿ" ಎಂದು ಕಿಟಕಿಯಿಂದ ತಲೆ ಹೊರಹಾಕಿ, ಬೀಗರ ಗದ್ದೆಯ ಮೇಲೆ ಏಳುತ್ತಿದ್ದ ಆಲೆಮನೆಯ ಹೊಗೆಯನ್ನು ತಿರುವು ಬರುವವರೆಗೂ ನೋಡಿದಳು.